ಭಾಷಣಕ್ಕೆ ಸಾಕ್ಷಿ ಬೇಡವೆ?

ಮಂಡ್ಯದ ಕಡೆಯ ರೈತ ಹೆಣ್ಣುಮಗಳೊಬ್ಬಳು ಬೆಳಗಿನ ಜಾವ ಹಾಲಿನ ಪಾತ್ರೆ ಹಿಡಿದು ಊರಿನ ಸಹಕಾರ ಸಂಘದ ಬಾಗಿಲಿಗೆ ಹೋದಳೆನ್ನಿ. "ಒಳ್ಳೆಯ ಹಾಲು, ನಮ್ಮ ಮನೆಯ ಹಸುವಿನದು" ಎಂದ ಮಾತ್ರಕ್ಕೆ ಅಲ್ಲಿ ಯಾರೂ ಅಳೆದುಕೊಳ್ಳುವುದಿಲ್ಲ. ಮಾಪಕವನ್ನು ಅದ್ದಿ ನೋಡುತ್ತಾರೆ, ಜಿಡ್ಡಿನ ಅಂಶ ನೋಡುತ್ತಾರೆ, ಆಮೇಲೆ ಚೀಟಿ ಬರೆಯುತ್ತಾರೆ. ಆ ಹಾಲು ಗೆಜ್ಜಲಗೆರೆಯ ಜಿಲ್ಲಾ ಹಾಲು ಒಕ್ಕೂಟದ ಡೈರಿಗೆ ಬಂದರೆ ಮತ್ತೆ ಪರೀಕ್ಷೆ. ೨೦೨೧ರಲ್ಲಿ ಟ್ಯಾಂಕರುಗಳಲ್ಲಿ ಹಾಲಿಗೆ ನೀರು ಸೇರಿಸುತ್ತಿದ್ದ ಪ್ರಕರಣ ಹೊರಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಸಿಡಿದೆದ್ದಿತು. ತನಿಖೆಯಾಗಬೇಕೆಂದು ರೈತರು ಬೀದಿಗಿಳಿದರು. ನ್ಯಾಯವಾದ ಕೋಪವೇ. ಆದರೆ ಅದೇ ಜನ ಸಂಜೆಯ ಹೊತ್ತಿಗೆ ಮೈದಾನದಲ್ಲಿ ಕುರ್ಚಿಯ ಮೇಲೆ ಕುಳಿತು, ವೇದಿಕೆಯಿಂದ ಸುರಿಯುವ ಭಾಷಣವನ್ನು ಒಂದು ತೊಟ್ಟೂ ಪರೀಕ್ಷಿಸದೆ ಕುಡಿದು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರಲ್ಲ, ಇದು ಯಾವ ನ್ಯಾಯ?

ಬರೆದದ್ದಕ್ಕೆ ಆಧಾರ ಬೇಕು, ಆಡಿದ್ದಕ್ಕೆ ಬೇಡ ಎಂಬ ಒಂದು ಅಲಿಖಿತ ಶಾಸ್ತ್ರ ನಮ್ಮಲ್ಲಿ ಬೆಳೆದುಬಂದಿದೆ. ಸಂಶೋಧನ ಪ್ರಬಂಧದಲ್ಲಿ ಒಂದು ಇಸವಿ ತಪ್ಪಿದರೆ ಪರೀಕ್ಷಕರು ಹುಬ್ಬು ಗಂಟಿಕ್ಕುತ್ತಾರೆ. ಅದೇ ಮಹನೀಯರು ರಾಜ್ಯೋತ್ಸವದ ವೇದಿಕೆ ಹತ್ತಿದರೆ ನೂರು ವರ್ಷ ಆಚೆ ಈಚೆಯಾದರೂ ಕೇಳುವವರಿಲ್ಲ. ಪ್ರಬಂಧವನ್ನು ಓದುವವರು ಮೂವರು, ಭಾಷಣವನ್ನು ಕೇಳುವವರು ಮೂರು ಸಾವಿರ. ಹೆಚ್ಚು ಜನರಿಗೆ ಬಡಿಸುವ ಅಡಿಗೆಗೇ ಹೆಚ್ಚು ಎಚ್ಚರ ಬೇಕೆಂಬುದು ಮದುವೆಮನೆಯ ಬಾಣಸಿಗನಿಗೂ ಗೊತ್ತಿರುವ ಸಂಗತಿ.

ಗೆಜ್ಜಲಗೆರೆಯ ಹೆಸರನ್ನು ಬರಿಯ ಹಾಲಿಗಾಗಿ ನಾನು ಎತ್ತಲಿಲ್ಲ. ೨೦೨೩ರ ಮಾರ್ಚ್ ೧೨ರಂದು ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಗೆ ಪ್ರಧಾನಮಂತ್ರಿಗಳು ಬಂದು ಸಭೆ ನಡೆಸಿದ್ದು ಅದೇ ಊರಿನಲ್ಲಿ. ಆ ಸಭೆಯ ಭಾಷಣ ನನ್ನ ವಿಷಯವಲ್ಲ. ಆ ಸ್ವಾಗತಕ್ಕಾಗಿ ಮಂಡ್ಯದಲ್ಲಿ ಎದ್ದ ಒಂದು ಕಮಾನು ನನ್ನ ವಿಷಯ. ಅದರ ಮೇಲೆ ಉರಿಗೌಡ, ನಂಜೇಗೌಡ ಎಂಬ ಎರಡು ಹೆಸರುಗಳಿದ್ದವು. ಇವರಿಬ್ಬರೂ ಈ ಸೀಮೆಯ ಒಕ್ಕಲಿಗ ವೀರರೆಂದೂ, ಟಿಪ್ಪು ಸುಲ್ತಾನನನ್ನು ಕೊಂದವರು ಆಂಗ್ಲರಲ್ಲ, ಇವರೇ ಎಂದೂ ಅದಕ್ಕೆ ಹಿಂದಿನ ಕೆಲವು ತಿಂಗಳಿಂದ ವೇದಿಕೆಗಳಲ್ಲಿ ಭಾಷಣಗಳಾಗುತ್ತಿದ್ದವು. ವಿರೋಧ ಬಂದಿತು, ಕಮಾನಿನ ಹೆಸರು ಬದಲಾಗಿ ಅಲ್ಲಿ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರು ಬಂದಿತು. ಚಲನಚಿತ್ರವೊಂದರ ಮಾತೂ ಎದ್ದಿತು. ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರು ಈ ಚರ್ಚೆಯನ್ನು ನಿಲ್ಲಿಸಬೇಕೆಂದ ಮೇಲೆ ಅದನ್ನೂ ಕೈಬಿಟ್ಟರು. ಮೇ ತಿಂಗಳಲ್ಲಿ ಚುನಾವಣೆ ಮುಗಿಯಿತು. ಗೌಡರಿಬ್ಬರೂ ವೇದಿಕೆಯಿಂದ ಇಳಿದುಹೋದರು. ಎರಡು ಶತಮಾನ ಕಾಯ್ದಿದ್ದ ವೀರರು ಎರಡೇ ತಿಂಗಳಲ್ಲಿ ಮರೆಯಾದದ್ದು ಹೇಗೆ ಎಂದು ಯಾರೂ ವಿಚಾರಿಸಲಿಲ್ಲ.

ಪಕ್ಷರಾಜಕೀಯ ನನ್ನ ಕಸುಬಲ್ಲ. ಕನ್ನಡದ ಮೇಷ್ಟ್ರಾಗಿ ನಾನು ಕೇಳುವುದು ಒಂದೇ ಪ್ರಶ್ನೆ: ಆ ಭಾಷಣಕಾರರು ತಮ್ಮ ಸಾಮಗ್ರಿಯನ್ನು ಎಲ್ಲಿಂದ ತಂದರು, ತಂದದ್ದನ್ನು ಹೇಗೆ ತೂಗಿದರು? ಕೇಳಿದವರಿಗೆ ಅವರು ಕೊಟ್ಟ ಆಧಾರಗಳು ಮೂರು ಬಗೆಯವು. ಒಂದು, ನಾಟಕ, ಎರಡು, ಪುಸ್ತಕ, ಮೂರು, "ನಮ್ಮ ಹಿರಿಯರು ಹೇಳುತ್ತಿದ್ದರು."

ನಾಟಕದ ಮಾತು ಬೇಗ ಮುಗಿಯುತ್ತದೆ. ೨೦೨೨ರಲ್ಲಿ ಮೈಸೂರು ರಂಗಾಯಣದಲ್ಲಿ ಅಡ್ಡಂಡ ಕಾರ್ಯಪ್ಪನವರ 'ಟಿಪ್ಪು ನಿಜಕನಸುಗಳು' ರಂಗಕ್ಕೆ ಬಂದಿತು. ಅದಕ್ಕೂ ಬಹಳ ಹಿಂದೆ ಗಿರೀಶ ಕಾರ್ನಾಡರು ಟಿಪ್ಪುವಿನ ಕನಸುಗಳನ್ನೇ ಹಿಡಿದು ಬ್ರಿಟಿಷ್ ರೇಡಿಯೋಗಾಗಿ ನಾಟಕ ಬರೆದಿದ್ದರು. ನಾಟಕಕಾರನಿಗೆ ಕಲ್ಪನೆಯ ಹಕ್ಕಿದೆ. ಆ ಹಕ್ಕಿಗೆ ನಾನು ಕೈ ಮುಗಿಯುತ್ತೇನೆ. ಆದರೆ ನಾಟಕದಿಂದ ಇತಿಹಾಸವನ್ನು ಉದ್ಧರಿಸುವುದು, ಗದಾಯುದ್ಧ ಓದಿ ಭೀಮನ ತೂಕ ಹೇಳಿದಂತೆ. ಇದು ಕಾರ್ಯಪ್ಪನವರ ನಾಟಕಕ್ಕೆ ಎಷ್ಟು ಸಲ್ಲುತ್ತದೆಯೋ ಕಾರ್ನಾಡರ ನಾಟಕಕ್ಕೂ ಅಷ್ಟೇ ಸಲ್ಲುತ್ತದೆ. ಟಿಪ್ಪು ಸ್ವಹಸ್ತದಿಂದ ಬರೆದಿಟ್ಟ ಕನಸುಗಳ ಫಾರಸಿ ಪುಸ್ತಕ ಲಂಡನ್ನಿನಲ್ಲಿದೆ, ಅದು ಆಕರ; ಅದನ್ನು ಹಿಡಿದು ಹೆಣೆದದ್ದು ಕಲೆ. ಎರಡರ ನಡುವಣ ಗೋಡೆಯನ್ನು ಭಾಷಣಕಾರ ಕೆಡವಬಾರದು.

ಪುಸ್ತಕದ ವಿಷಯ ಇಷ್ಟು ಸುಲಭವಲ್ಲ. 'ಸುವರ್ಣ ಮಂಡ್ಯ' ಎಂಬ ಗ್ರಂಥದಲ್ಲಿ ಈ ಹೆಸರುಗಳಿವೆ ಎಂದು ಪುಟ ತೆರೆದು ತೋರಿಸಿದರು. ಅಚ್ಚಾದ ಪುಟವನ್ನು ಕಂಡರೆ ನಮ್ಮ ಜನಕ್ಕೆ ಒಂದು ಭಕ್ತಿ. ಅಚ್ಚಾದದ್ದೆಲ್ಲ ನಿಜವಾದರೆ ಪಂಚಾಂಗಕ್ಕಿಂತ ದೊಡ್ಡ ವಿಜ್ಞಾನವಿಲ್ಲ! ಪುಸ್ತಕವನ್ನು ಕೇಳಬೇಕಾದ ಪ್ರಶ್ನೆಗಳು ಬೇರೆ. ಟಿಪ್ಪು ಸತ್ತದ್ದು ೧೭೯೯ರ ಮೇ ೪ರಂದು. ಮಂಡ್ಯ ಜಿಲ್ಲೆ ಹುಟ್ಟಿದ್ದೇ ೧೯೩೯ರಲ್ಲಿ. ಆ ಜಿಲ್ಲೆಯ ಸುವರ್ಣ ಸಂದರ್ಭದ ಪುಸ್ತಕ ಘಟನೆಗೆ ಹತ್ತಿರ ಹತ್ತಿರ ಎರಡು ಶತಮಾನ ದೂರದ್ದು. ಅಷ್ಟು ದೂರದ ಬರಹಗಾರನಿಗೆ ಇದನ್ನು ಯಾರು ಹೇಳಿದರು? ಹೇಳಿದವನಿಗೆ ಯಾರು ಹೇಳಿದರು? ಹೆಸರು ಇದೆಯೆನ್ನುವುದು ಒಂದು ಮಾತು, ಆ ಹೆಸರಿನವರು ಇಂತಹ ದಿನ ಇಂತಹ ಕೃತ್ಯ ಮಾಡಿದರೆನ್ನುವುದು ಇನ್ನೊಂದು. ಮೊದಲನೆಯದಕ್ಕೆ ಪುಟ ತೋರಿಸಿ ಎರಡನೆಯದನ್ನು ವೇದಿಕೆಯಲ್ಲಿ ಘೋಷಿಸುವುದು, ಪಹಣಿ ಒಂದು ಸರ್ವೆ ನಂಬರಿನದು ತೋರಿಸಿ ಪಕ್ಕದ ಹೊಲ ಉತ್ತಂತೆ. ನಮ್ಮ ತಾಲ್ಲೂಕು ಕಚೇರಿಯ ಗುಮಾಸ್ತ ಒಪ್ಪದ ವಾದವನ್ನು ನಾವು ಇತಿಹಾಸದಲ್ಲಿ ಒಪ್ಪುತ್ತೇವೆ.

ಹಾಗಾದರೆ ಹತ್ತಿರದ ಸಾಕ್ಷಿ ಯಾವುದು? ಘಟನೆಯ ಮರುವರ್ಷವೇ, ೧೮೦೦ರಲ್ಲಿ, ಕಂಪನಿಯ ಸೈನ್ಯದಲ್ಲಿದ್ದ ಬೀಟ್ಸನ್ ಆ ಯುದ್ಧದ ಕಥನವನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಆ ರಾತ್ರಿ ದೀವಟಿಗೆ ಹಿಡಿದು ಶವವನ್ನು ಹುಡುಕಿದವರಲ್ಲಿ ಒಬ್ಬನಾದ ಅಲನ್ ಬರೆದದ್ದೂ ದೊರೆಯುತ್ತದೆ. ಕೋಟೆಯ ಬಾಗಿಲಿನ ಕತ್ತಲೆಯಲ್ಲಿ ಹೆಣಗಳ ರಾಶಿಯ ನಡುವೆ ಸುಲ್ತಾನನ ದೇಹ ಸಿಕ್ಕಿತು. ಬಳಿಯಲ್ಲಿ ಗಾಯಗೊಂಡು ಬಿದ್ದಿದ್ದ ರಾಜಾಖಾನನೆಂಬ ಆತನ ಸೇವಕ, ಸೈನಿಕನೊಬ್ಬ ಸುಲ್ತಾನನ ಕತ್ತಿಯ ಪಟ್ಟಿಗೆ ಕೈ ಹಾಕಿದನೆಂದೂ, ಸುಲ್ತಾನ ಕತ್ತಿ ಬೀಸಿದನೆಂದೂ, ಆ ಸೈನಿಕ ಗುಂಡು ಹೊಡೆದನೆಂದೂ ಹೇಳಿದ. ಇನ್ನೊಂದು ಕಡೆ, ಹೈದರ–ಟಿಪ್ಪು ಇಬ್ಬರ ಸೇವೆಯಲ್ಲೂ ಇದ್ದ ಕಿರ್ಮಾನಿ ಫಾರಸಿಯಲ್ಲಿ ಬರೆದ ಚರಿತ್ರೆಯಿದೆ.

"ಆಂಗ್ಲರು ಬರೆದದ್ದನ್ನು ನಂಬಬೇಕೆ?" ಎಂದು ಕೂಡಲೆ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ, ಆದರೆ ಪ್ರಶ್ನೆಯನ್ನು ಅರ್ಧಕ್ಕೆ ಬಿಡಬಾರದು. ಗೆದ್ದವನು ಸುಳ್ಳು ಹೇಳುತ್ತಾನೆ, ನಿಜ. ಯಾವ ಸುಳ್ಳು ಹೇಳುತ್ತಾನೆ? ತನಗೆ ಲಾಭವಾಗುವ ಸುಳ್ಳು. ಅಷ್ಟು ದೊಡ್ಡ ಶತ್ರುವನ್ನು ಕೊಂದ ಕೀರ್ತಿ ಒಂದು ಹೆಸರಿಗೆ ಅಂಟುವುದಾದರೆ ಅದನ್ನು ಅಂಟಿಸದೆ ಬಿಡುವ ಸೈನ್ಯ ಲೋಕದಲ್ಲಿದೆಯೆ? ಆದರೂ ಆ ಸೈನಿಕ ಯಾರೆಂಬುದು ಅವರಿಗೆ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲವೆಂಬುದನ್ನು ಮುಚ್ಚದೆ ಹೆಸರಿಲ್ಲದೆಯೇ ಬರೆದರು. ತನಗೆ ಲಾಭವಿಲ್ಲದ ಮಾತನ್ನು ಸಾಕ್ಷಿ ಒಪ್ಪಿಕೊಂಡಾಗ ಅದಕ್ಕೆ ತೂಕ ಹೆಚ್ಚು. ಇದು ನ್ಯಾಯಾಲಯದಲ್ಲಿ ವಕೀಲರು ದಿನವೂ ಬಳಸುವ ತಕ್ಕಡಿ. ಭಾಷಣಕಾರರೂ ಬಳಸಬಹುದು, ಬಾಡಿಗೆ ಕೊಡಬೇಕಾಗಿಲ್ಲ.

ಇನ್ನೊಂದು ತಕ್ಕಡಿ ನಮ್ಮ ಮದ್ದೂರು ತಾಲ್ಲೂಕಿನಲ್ಲೇ ಸಿಕ್ಕುತ್ತದೆ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಓದುಗರು ಅಪ್ಪಣೆ ಕೊಡಬೇಕು. ಆತಕೂರು ಎಂಬ ಊರಿನ ಶಾಸನ ಕ್ರಿ.ಶ. ೯೪೯–೫೦ರದು, ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಕೃಷ್ಣನ ಪರವಾಗಿ ಗಂಗರ ಬೂತುಗ ಹೋರಾಡಿ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆಯ ಮಣಲೇರನೆಂಬ ವೀರನ ಪರಾಕ್ರಮಕ್ಕೆ ಮೆಚ್ಚಿ, ಏನು ಬೇಕು ಕೇಳು ಎಂದ. ಮಣಲೇರ ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿ ಹಂದಿಯೊಂದರ ಮೇಲೆ ಬಿದ್ದು ಕಾದಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಆತಕೂರಿನ ದೇಗುಲದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುವ ಚಿತ್ರವಿದೆ. ಪೂಜೆ ಮಾಡದೆ ಉಂಡರೆ ಪೂಜಾರಿಗೆ ನಾಯಿಯ ಪಾಪ ತಟ್ಟುತ್ತದೆಂದು ಎಚ್ಚರಿಕೆಯೂ ಇದೆ.

ನಾಯಿ ಮಾಡಿದ ಸಾಹಸಕ್ಕೆ ಹೆಸರು, ಸ್ಥಳ, ದತ್ತಿ, ಚಿತ್ರ ಎಲ್ಲವನ್ನೂ ಕಲ್ಲಿನಲ್ಲಿ ಬರೆದಿಟ್ಟ ಸೀಮೆ ಇದು. ಒಂದು ರಾಜ್ಯದ ಗತಿಯನ್ನೇ ತಿರುಗಿಸಿದರೆಂದು ಹೇಳುವ ಇಬ್ಬರು ಗೌಡರಿಗೆ ಏನು ಸಿಕ್ಕಿತು? ೧೭೯೯ರ ಜೂನ್ ಮುಗಿಯುವುದರೊಳಗೆ ಒಡೆಯರ ವಂಶ ಮತ್ತೆ ಪಟ್ಟಕ್ಕೆ ಬಂದಿತು. ದಿವಾನ ಪೂರ್ಣಯ್ಯನವರು ಲೆಕ್ಕಪತ್ರದಲ್ಲಿ ಎಷ್ಟು ಬಿಗಿ ಎಂದು ಎಲ್ಲರಿಗೂ ಗೊತ್ತು. ಅವರಿಗೇ ೧೮೦೭ರಲ್ಲಿ ಯಳಂದೂರು ಜಹಗೀರಾಗಿ ಸಿಕ್ಕಿತು, ಅದಕ್ಕೆ ದಾಖಲೆಯಿದೆ. ಟಿಪ್ಪುವನ್ನು ಮುಗಿಸಿದ ಗೌಡರಿಗೆ ಒಂದು ಎಕರೆ ಇನಾಮು, ಒಂದು ಪಟೇಲಿಕೆ, ಒಂದು ಸನದು, ಒಂದು ಕಲ್ಲು ಬೇಡವೆ? ಕೃತಜ್ಞರಾಗಬೇಕಿದ್ದವರು ರಾಜ್ಯವನ್ನೇ ಪಡೆದ ಒಡೆಯರು, ಯುದ್ಧವನ್ನೇ ಗೆದ್ದ ಕಂಪನಿಯವರು. ದಾಖಲೆ ಇಲ್ಲದಿರುವುದು ಎಲ್ಲ ಕಡೆಯೂ ಪ್ರಮಾಣವಾಗುವುದಿಲ್ಲ, ಒಪ್ಪುತ್ತೇನೆ. ಬಡವನ ಬದುಕು ದಾಖಲೆಯಿಲ್ಲದೆಯೇ ಕಳೆದುಹೋಗುತ್ತದೆ. ಆದರೆ ದಾಖಲೆ ಇದ್ದೇ ತೀರಬೇಕಾದ ಕಡೆ ಇಲ್ಲದಿದ್ದರೆ, ಆ ಮೌನ ಮಾತನಾಡುತ್ತದೆ.

ಆತಕೂರಿನ ಕಲ್ಲನ್ನು ಕೂಡ ಸುಮ್ಮನೆ ನಂಬಬೇಕಾಗಿಲ್ಲ. ಅದು ಗೆದ್ದವರ ಕಲ್ಲು. ಸೋತ ಚೋಳರ ತಾಮ್ರಪಟಗಳು ತಮ್ಮ ರಾಜಕುಮಾರ ಆನೆಯ ಮೇಲೆ ಕುಳಿತು ಹೋರಾಡುತ್ತ, ಕೃಷ್ಣನ ಬಾಣಕ್ಕೆ ವೀರಸ್ವರ್ಗ ಸೇರಿದನೆಂದು ಹೇಳುತ್ತವೆ. ಹೇಗೆ ಸತ್ತ, ಯಾರ ಕೈಯಿಂದ ಸತ್ತ ಎಂಬುದರಲ್ಲಿ ಜಗಳ. ಕೃಷ್ಣನ ಪಡೆಯೊಡನೆ ಕಾದಿ ರಣದಲ್ಲಿ ಸತ್ತ ಎಂಬುದರಲ್ಲಿ ಒಪ್ಪಿಗೆ. ಶತ್ರುಗಳಿಬ್ಬರೂ ಒಪ್ಪಿದ ಮಾತು ಗಟ್ಟಿ, ಒಬ್ಬನೇ ಹೇಳಿದ್ದು ಸ್ವಲ್ಪ ಸಡಿಲ. ಇಷ್ಟನ್ನು ಪ್ರೌಢಶಾಲೆಯ ಹುಡುಗನಿಗೂ ಅರ್ಧ ಗಂಟೆಯಲ್ಲಿ ಕಲಿಸಬಹುದು.

ಇನ್ನು ಮೂರನೆಯದು, "ಹಿರಿಯರು ಹೇಳುತ್ತಿದ್ದರು" ಎಂಬುದು. ನನ್ನ ವಿರೋಧಿಗಳಲ್ಲಿ ಬುದ್ಧಿವಂತರು ಇಲ್ಲಿ ನಿಂತು ಕಾದುತ್ತಾರೆ. "ನಿಮ್ಮ ಕಾಗದ, ಕಲ್ಲು, ತಾಮ್ರವೆಲ್ಲ ಅಕ್ಷರ ಬಲ್ಲವರ ಸೊತ್ತು, ಒಕ್ಕಲಮಕ್ಕಳಿಗೆ ಹಾಡೇ ಇತಿಹಾಸ, ಅದನ್ನು ಕೀಳೆನ್ನುವ ನೀವು ಯಾರು?" ಈ ಮಾತಿಗೆ ಬೆಲೆಯಿದೆ. ಮಂಟೇಸ್ವಾಮಿಯ ಕಥೆಯನ್ನು ಉಳಿಸಿಕೊಂಡು ಬಂದವರು ನೀಲಗಾರರು. ಮಳವಳ್ಳಿ ಸೀಮೆಯ ಬೊಪ್ಪೇಗೌಡನಪುರದ ಮಹಿಮೆ ಅವರ ತಂಬೂರಿಯಲ್ಲಿ ಉಳಿಯಿತು. ಆದರೆ ಹಾಡನ್ನು ಗೌರವಿಸುವುದು ಹೇಗೆಂದು ತೋರಿಸಿದವರು ಇದೇ ಜಿಲ್ಲೆಯ ನಾಗಮಂಗಲ ಕಡೆಯ ಜೀ.ಶಂ. ಪರಮಶಿವಯ್ಯನವರಂಥ ಜಾನಪದ ವಿದ್ವಾಂಸರು. ಯಾವ ಊರಿನಲ್ಲಿ, ಯಾರ ಬಾಯಿಂದ, ಯಾವಾಗ ಕೇಳಿದ್ದು ಎಂದು ಗುರುತಿಸಿಕೊಳ್ಳುವುದು ಆ ಶಾಸ್ತ್ರದ ಮೊದಲ ಪಾಠ. ಶ್ರೀರಂಗಪಟ್ಟಣ ಬಿದ್ದುದರ ಮೇಲೆ ಕನ್ನಡದಲ್ಲಿ ಲಾವಣಿಗಳಿವೆ. ಇದೂ ಒಂದು ಲಾವಣಿಯಲ್ಲಿದೆ ಎನ್ನುವವರು ಹಾಡಿದವನ ಊರನ್ನು ಹೇಳಲಿ. ಜಗಳ ಹುಟ್ಟುವುದಕ್ಕೆ ಮೊದಲು ಸಂಗ್ರಹವಾದದ್ದೆ, ಆಮೇಲೆ ಹುಟ್ಟಿದ್ದೆ ಎಂದು ತೋರಿಸಲಿ. ಹಾಡುಗಾರನ ಹೆಸರು ಕೇಳದೆ ಹಾಡನ್ನು ಭಾಷಣಕ್ಕೆ ಎಳೆದು ತರುವವನು ಜಾನಪದದ ಭಕ್ತನಲ್ಲ, ಅದರ ಬಿಟ್ಟಿ ಬಳಕೆದಾರ. ಅಷ್ಟಲ್ಲದೆ, ಇಲ್ಲದ ಹಾಡಿಗೆ ಹಳ್ಳಿಗರ ಹೆಸರನ್ನು ಹೊಣೆ ಮಾಡಿದರೆ, ನಾಳೆ ನಿಜವಾದ ಹಾಡು ತಂದವನನ್ನೂ ಯಾರೂ ನಂಬುವುದಿಲ್ಲ. ನಷ್ಟವಾಗುವುದು ಒಕ್ಕಲಮಕ್ಕಳಿಗೇ.

ಇಷ್ಟು ಹೊತ್ತು ಒಂದು ಕಡೆಯವರು ತಲೆದೂಗುತ್ತಿದ್ದರೆ, ಅವರೂ ಸ್ವಲ್ಪ ಕನ್ನಂಬಾಡಿಗೆ ಬರಬೇಕು. ಕಟ್ಟೆಯ ಕೆಲಸ ೧೯೧೧ರಲ್ಲಿ ಆರಂಭವಾದಾಗ ಟಿಪ್ಪುವಿನ ಒಂದು ಫಾರಸಿ ಶಾಸನ ಸಿಕ್ಕಿತು. ಅದನ್ನು ಅನುವಾದದೊಡನೆ ಅಲ್ಲೇ ನಿಲ್ಲಿಸಿದ್ದಾರೆ. ೨೦೨೫ರಲ್ಲಿ ರಾಜ್ಯದ ಸಚಿವರೊಬ್ಬರು ಕೃಷ್ಣರಾಜಸಾಗರಕ್ಕೆ ಮೊದಲು ಅಡಿಗಲ್ಲು ಹಾಕಿದವನು ಟಿಪ್ಪು ಎಂದರು. ಮತ್ತೆ ವಾರಗಟ್ಟಲೆ ಭಾಷಣ, ಪ್ರತಿಭಾಷಣ. ಒಬ್ಬರು ಕಲ್ಲಿನ ಮೊದಲ ಸಾಲಿನಲ್ಲೇ ನಿಂತರು, ಇನ್ನೊಬ್ಬರು ಕಲ್ಲೇ ಲೆಕ್ಕಕ್ಕಿಲ್ಲವೆಂದರು. ಕಲ್ಲು ಹೇಳುವುದು ಕಾವೇರಿಗೆ ಅಡ್ಡಲಾಗಿ ಟಿಪ್ಪು ಅಡಿಗಲ್ಲು ಹಾಕಿದ ಒಂದು ಅಣೆಯ ವಿಷಯ. ನಾವು ಇಂದು ಕಾಣುವ ಕಟ್ಟೆ ನಾಲ್ವಡಿಯವರ ಸರಕಾರದ್ದು, ಆಗಿನ ಮುಖ್ಯ ಇಂಜಿನಿಯರ್ ವಿಶ್ವೇಶ್ವರಯ್ಯನವರು. ಎರಡೂ ಏಕಕಾಲಕ್ಕೆ ನಿಜ. ಈ ಗದ್ದಲದಲ್ಲಿ ಆ ಕಲ್ಲಿನ ಅತಿ ಸ್ವಾರಸ್ಯದ ಭಾಗವನ್ನು ಯಾರೂ ಓದಲಿಲ್ಲ: ಆ ನೀರಿನಿಂದ ಬಂಜರು ನೆಲವನ್ನು ಸಾಗು ಮಾಡಿದವರು ಉಳಿದ ರೈತರು ಕೊಡುವುದರಲ್ಲಿ ಮುಕ್ಕಾಲು ಪಾಲು ಕಂದಾಯ ಕೊಟ್ಟರೆ ಸಾಕು, ಕಾಲು ಪಾಲು ಮಾಫಿ ಎಂಬ ಮಾತು. ಮಂಡ್ಯದ ರೈತಸಭೆಯಲ್ಲಿ ಭಾಷಣ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಸರಕು ಬೇಕೆ? ಆದರೆ ಅದಕ್ಕೆ ಪೂರ್ತಿ ಕಲ್ಲು ಓದಬೇಕು.

ಅದೇ ಕಟ್ಟೆಗೆ ರಾಜಮನೆತನದ ಒಡವೆ ಮಾರಿದ ಕಥೆಯೂ ಇದೆ. ಒಬ್ಬ ಭಾಷಣಕಾರನ ಬಾಯಲ್ಲಿ ಮಾರಿದವರು ರಾಜಮಾತೆ, ಇನ್ನೊಬ್ಬನ ಬಾಯಲ್ಲಿ ಮಹಾರಾಣಿ, ಮೂರನೆಯವನ ಬಾಯಲ್ಲಿ ಒಡವೆ ಮೂಟೆಗಟ್ಟಲೆ ಮುಂಬಯಿಗೆ ಹೋಗುತ್ತದೆ. ಕಥೆ ಹೀಗೆ ಬಾಯಿಂದ ಬಾಯಿಗೆ ಉಡುಪು ಬದಲಿಸುತ್ತಿದ್ದರೆ ಅದು ಕಡತದಿಂದ ಬಂದದ್ದಲ್ಲವೆಂದು ತಿಳಿಯಬೇಕು. ಸಂಸ್ಥಾನದ ಆಡಳಿತ ವರದಿಗಳು ವರ್ಷ ವರ್ಷವೂ ಅಚ್ಚಾಗಿವೆ. ಹೇಳುವವರು ವರ್ಷ ಹೇಳಲಿ, ಮೊತ್ತ ಹೇಳಲಿ.

ಎಲ್ಲಕ್ಕೂ ಒಂದೇ ಉತ್ತರ ಸಿಕ್ಕಬೇಕೆಂಬ ಹಟವೂ ನನಗಿಲ್ಲ. ೧೯೩೮ರ ಏಪ್ರಿಲ್‌ನಲ್ಲಿ ನಮ್ಮ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ ೨೫ರಂದು ವಿದುರಾಶ್ವತ್ಥದಲ್ಲಿ ಗೋಲೀಬಾರಾಯಿತು. ಸತ್ತವರೆಷ್ಟು? ಸರಕಾರದ ಎಣಿಕೆ ೧೦. ಜನರ ಎಣಿಕೆ ಮೂವತ್ತಕ್ಕೂ ಹೆಚ್ಚು. ಭಾಷಣಕಾರ ತನಗೆ ಹಿಡಿಸಿದ ಅಂಕಿಯನ್ನು ಆರಿಸಿ ಗುಡುಗುವುದು ಬಿಟ್ಟು, ಸರಕಾರ ಹೀಗೆಂದಿತು, ಜನ ಹೀಗೆಂದರು ಎಂದರೆ ಭಾಷಣದ ಕಾವು ಇಳಿಯುವುದೆ? ಆ ಎರಡು ಅಂಕಿಗಳ ನಡುವಣ ಕಂದಕವೇ ಸಭೆಯನ್ನು ಸ್ತಬ್ಧಗೊಳಿಸುವಷ್ಟು ದೊಡ್ಡದು.

"ನಮಗೆ ಇದನ್ನೆಲ್ಲ ಹುಡುಕಲು ಎಲ್ಲಿ ಪುರಸೊತ್ತು?" ಎಂಬ ನೆಪ ಒಂದು ಕಾಲಕ್ಕೆ ಸಲ್ಲುತ್ತಿತ್ತು. ರೈಸರ ಶಾಸನ ಸಂಪುಟಕ್ಕಾಗಿ ಮೈಸೂರಿಗೆ ಬಸ್ಸು ಹತ್ತಿ, ಗ್ರಂಥಪಾಲಕರ ಮನಸ್ಸು ಒಲಿಸಿಕೊಂಡು, ಮಧ್ಯಾಹ್ನ ಊಟ ಬಿಟ್ಟು ನಕಲು ಮಾಡಿಕೊಳ್ಳಬೇಕಾಗಿತ್ತು. ಈಗ ಆತಕೂರಿನ ಕಲ್ಲು ಸೇರಿರುವ ೧೮೯೪ರ ಸಂಪುಟವೂ, ೧೮೦೦ರಲ್ಲಿ ಮದ್ದೂರು, ಮಂಡ್ಯಗಳ ದಾರಿಯಲ್ಲೇ ಹಾದುಹೋದ ಬುಕಾನನ್ನನ ಪ್ರವಾಸಕಥನವೂ ಕಾಸಿಲ್ಲದೆ ಅಂತರಜಾಲದಲ್ಲಿ ಸಿಕ್ಕುತ್ತವೆ. ಬುಕಾನನ್ ಕಂಪನಿಯ ನೌಕರ, ಟಿಪ್ಪುವಿನ ಮಿತ್ರನಲ್ಲ; ಆ ಬಣ್ಣವನ್ನು ಕಳೆದು ಓದಬೇಕು. ಆದರೆ ಊರಗೌಡ ಹೀಗೆಂದ, ರೈತರು ಹೀಗೆಂದರು ಎಂದು ಹೇಳಿದವರನ್ನು ಬೇರೆ ಬೇರೆಯಾಗಿ ಗುರುತಿಸುವ ಆತನ ಚಾಳಿಯನ್ನು ನಮ್ಮ ವೇದಿಕೆಯ ಸಿಂಹಗಳು ಕಲಿಯಬಹುದು. ಯಂತ್ರವೇ ಭಾಷಣ ಬರೆದುಕೊಡುವ ಕಾಲವೂ ಬಂದಿದೆ. ಬರೆಯಲಿ, ಸಂತೋಷ, ಇದನ್ನು ಎಲ್ಲಿ ನೋಡಿದೆ ಎಂದು ಯಂತ್ರವನ್ನೂ ಕೇಳಬೇಕು, ಹೇಳಿದ ಪುಟವನ್ನು ತೆರೆದು ನೋಡಬೇಕು. ಕೈಯಲ್ಲಿ ಪುಸ್ತಕಭಂಡಾರವೇ ಇರುವ ಫೋನನ್ನು ಹಿಡಿದು, ಯಾರೋ ಕಳಿಸಿದ ನಾಲ್ಕು ಸಾಲನ್ನು ಅದರಿಂದ ಓದುವ ಮಹನೀಯರನ್ನು ಕಂಡಾಗ, ಕಾವೇರಿಯ ದಡದಲ್ಲಿ ಕುಳಿತು ಚರಂಡಿಯಿಂದ ಚೊಂಬು ತುಂಬಿಕೊಳ್ಳುವವರ ನೆನಪಾಗುತ್ತದೆ.

ನಮ್ಮ ಅಧ್ಯಾಪಕ ವರ್ಗವನ್ನು ಬಿಟ್ಟು ಬಯ್ಯುವುದು ಧರ್ಮವಲ್ಲ. ಕಾಲೇಜುಗಳ ಭಾಷಣ ಸ್ಪರ್ಧೆಗಳಲ್ಲಿ ಧ್ವನಿಗೆ ಅಂಕ, ಹಾವಭಾವಕ್ಕೆ ಅಂಕ, ಸಮಯಪಾಲನೆಗೆ ಅಂಕ, ಆಧಾರಕ್ಕೆ ಸೊನ್ನೆ. ಹುಡುಗ ಏನು ಕಲಿಯಬೇಕು? ಗಟ್ಟಿಯಾಗಿ ಕೂಗಿದರೆ ಕಪ್ಪು ಸಿಗುತ್ತದೆಂದೇ ಕಲಿಯುತ್ತಾನೆ. ಇಪ್ಪತ್ತು ವರ್ಷದ ಮೇಲೆ ಅದೇ ಹುಡುಗ ನಮ್ಮ ಕಮಾನುಗಳಿಗೆ ಹೆಸರಿಡುತ್ತಾನೆ. ಈ ಸಲದ ನವೆಂಬರಿನಿಂದ ತೀರ್ಪುಗಾರರು, ಭಾಷಣ ಮುಗಿಸಿದ ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಅವನು ಹೇಳಿದ ಸಂಗತಿಗಳಲ್ಲಿ ಯಾವುದಾದರೂ ಒಂದನ್ನು ಹಿಡಿದು, "ಇದು ಎಲ್ಲಿದೆ?" ಎಂದು ಕೇಳಲಿ, ನೂರಕ್ಕೆ ಇಪ್ಪತ್ತೈದು ಅಂಕ ಅದಕ್ಕೇ ಇಡಲಿ. "ಹಿರಿಯರು ಹೇಳಿದ್ದು" ಎಂದರೆ, ಯಾವ ಹಿರಿಯರು, ಯಾವ ಊರು ಎಂದು ಮುಂದಿನ ಪ್ರಶ್ನೆ ಕೇಳಲಿ. ಅದೇ ಪ್ರಶ್ನೆಯನ್ನು ಉದ್ಘಾಟಕರಿಗೂ ಕೇಳಬಹುದೆ ಎಂದು ಸಂಘಟಕರು ಅಂಜುತ್ತಾರೆ. ಕೇಳಿ ನೋಡಲಿ, ಆತಕೂರಿನ ನಾಯಿ ತನಗಿಂತ ದೊಡ್ಡ ಪ್ರಾಣಿಯ ಮೇಲೆಯೇ ಬಿದ್ದದ್ದು.